ಪದ ಪರಿಚಯ: ಲೆಗ್ಡ್ಸ್‌ರುಲೆ

ಡೆನ್ಮಾರ್ಕಿನ ಹಳ್ಳಿಯ ಕುಟುಂಬವೊಂದರ ಬೇರು ಹುಡುಕಲು ಹೊರಟರೆ ಮೊದಲು ಕಾಡುವುದು ಹೆಸರು. ಅಲ್ಲಿ ಯೆನ್ಸ್ ಹಾನ್ಸೆನ್‌ನ ಮಗ ನೀಲ್ಸ್ ಯೆನ್ಸೆನ್ ಆಗುತ್ತಿದ್ದ, ಅವನ ಮಗ ನೀಲ್ಸೆನ್. ನಾವು ಇನಿಷಿಯಲ್‌ಗೆ ಅಪ್ಪನ ಹೆಸರು ಹಾಕಿಕೊಳ್ಳುತ್ತೇವಲ್ಲ, ಹಾಗೆಯೇ. ಮನೆತನದ ಹೆಸರು ಒಂದೇ ಇರಲಿ ಎಂದು 1828ರಲ್ಲಿ ಆಜ್ಞೆ ಬಂತು. ಆದರೂ ಹಳ್ಳಿಗಳಲ್ಲಿ ಹಳೇ ರೂಢಿ ಎಷ್ಟೋ ಕಾಲ ಉಳಿಯಿತು. ಒಂದೇ ಊರಿನಲ್ಲಿ ನಾಲ್ಕಾರು ನೀಲ್ಸ್ ಯೆನ್ಸೆನ್‌ಗಳಿದ್ದರೆ ನಮ್ಮವನು ಯಾರು? ಇದನ್ನು ಬಿಡಿಸಲು ತುಂಬ ನೆರವಾಗುವ ದಾಖಲೆಯೇ ಲೆಗ್ಡ್ಸ್‌ರುಲೆ.

ಅಂದರೆ, ಸೈನ್ಯಕ್ಕೆ ಕರೆಯಬಹುದಾದ ಗಂಡಸರ ಪಟ್ಟಿ. ಸೈನಿಕರನ್ನು ಒದಗಿಸಬೇಕಿದ್ದ ಒಂದೊಂದು ವಿಭಾಗವೂ ಒಂದು 'ಲೆಗ್ಡ್'. ಹೆಚ್ಚಾಗಿ ಅದು ಒಂದು ಚರ್ಚಿನ ವ್ಯಾಪ್ತಿಯಷ್ಟು ಜಾಗ.

ಇದರ ಹುಟ್ಟಿನ ಕಥೆ ನೋವಿನದು. 1733ರಿಂದ ರೈತರ ಗಂಡುಮಕ್ಕಳು ತಾವು ಹುಟ್ಟಿದ ಜಮೀನ್ದಾರಿ ಬಿಟ್ಟು ಹೋಗುವಂತಿರಲಿಲ್ಲ. 1764ರ ಹೊತ್ತಿಗೆ ಈ ಕಟ್ಟು ನಾಲ್ಕು ವರ್ಷದ ಹುಡುಗನಿಂದ ನಲವತ್ತರ ಗಂಡಸಿನವರೆಗೂ ಇತ್ತು. 1788ರಲ್ಲಿ ಅದನ್ನು ರದ್ದು ಮಾಡಿ, ಸೈನಿಕರನ್ನು ಆರಿಸುವ ಕೆಲಸವನ್ನು ಜಮೀನ್ದಾರರ ಕೈಯಿಂದ ಸರ್ಕಾರ ತೆಗೆದುಕೊಂಡಿತು. ಜನ ಓಡಾಡತೊಡಗಿದರೆ ಯಾರು ಎಲ್ಲಿದ್ದಾರೆಂದು ಗೊತ್ತಿರಬೇಕಲ್ವಾ? ಅದಕ್ಕೇ 1789ರಿಂದ ಹೊಸ ಪಟ್ಟಿ. ರೈತರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಸಾಕು, ಹೆಸರು ಅದರಲ್ಲಿ ಸೇರುತ್ತಿತ್ತು. 1849ರಲ್ಲಿ ಸೈನ್ಯಸೇವೆ ಎಲ್ಲ ವರ್ಗಕ್ಕೂ ಕಡ್ಡಾಯವಾದ ಮೇಲೆ ಹುಟ್ಟಿದ ಕೂಡಲೇ ಬರೆಯುವುದು ನಿಂತಿತು.

ಒಂದು ಸಾಲಿನಲ್ಲಿ ಏನೇನಿರುತ್ತದೆ ನೋಡಿ: ಅಪ್ಪನ ಹೆಸರು, ಮಗನ ಹೆಸರು, ಹುಟ್ಟಿದೂರು, ವಯಸ್ಸು, ಎತ್ತರ, ಈಗಿರುವ ಜಾಗ, ಕೊನೆಗೆ ಷರಾ. ಎತ್ತರ ಡ್ಯಾನಿಶ್ ಇಂಚಿನಲ್ಲಿ. 64 ಎಂದಿದ್ದರೆ ಸುಮಾರು 167 ಸೆಂಟಿಮೀಟರ್. ಫೋಟೋ ಇಲ್ಲದ ಮುತ್ತಜ್ಜ ಎಷ್ಟೆತ್ತರ ಇದ್ದನೆಂದು ತಿಳಿಯುವುದು ಸಣ್ಣ ಮಾತಲ್ಲ.

ಆದರೆ ನಿಜವಾದ ಬೆಲೆ ಇರುವುದು ಎಡಗಡೆಯ ಎರಡು ಸಂಖ್ಯೆಗಳಿಗೆ. ಮುಖ್ಯ ಪಟ್ಟಿಯನ್ನು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬರೆಯುತ್ತಿದ್ದರು. ಆಗ ಪ್ರತಿಯೊಬ್ಬನಿಗೂ ಹೊಸ ಸಂಖ್ಯೆ, ಪಕ್ಕದಲ್ಲೇ ಹಳೆಯದು. ನಿಮ್ಮ ನೀಲ್ಸ್‌ನ ಹೊಸ ಸಂಖ್ಯೆ 41, ಹಳೆಯದು 47 ಎನ್ನಿ. ಹಿಂದಿನ ಪಟ್ಟಿಯಲ್ಲಿ 47ನ್ನು ತೆಗೆದರೆ ಅಲ್ಲೂ ಅವನೇ, ಅದಕ್ಕೂ ಹಿಂದಿನ ಸಂಖ್ಯೆ ಜೊತೆಗೆ. ಹೀಗೆ ಹಿಂದೆ ಹಿಂದೆ ಹೋದರೆ ಅವನು ಕೂಸಾಗಿ ಸೇರಿದ ಸಾಲಿಗೇ ತಲುಪಬಹುದು. ಬೇರೆ ಊರಿಗೆ ಕೂಲಿಗೆ ಹೋಗಿದ್ದರೆ ಯಾವ ಲೆಗ್ಡ್‌ಗೆ ಹೋದ ಎಂದು ಷರಾದಲ್ಲಿ ಸಿಗುತ್ತದೆ. ಹೆಸರು ಗೊಂದಲ ಮಾಡುವ ಕಡೆ ಸಂಖ್ಯೆ ದಾರಿ ತೋರಿಸುತ್ತದೆ.

ಡೆನ್ಮಾರ್ಕಿನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯ ರಿಗ್ಸಾರ್ಕಿವೆಟ್ ಈ ಪುಟಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಆನ್‌ಲೈನ್‌ನಲ್ಲಿಟ್ಟಿದೆ. ಹಳೇ ಗೋಥಿಕ್ ಕೈಬರಹ ಮೊದಮೊದಲು ಕಣ್ಣಿಗೆ ಕಷ್ಟ. ಹಾಗಾಗಿ ಅಂಕಿಗಳಿಂದ ಶುರು ಮಾಡುವುದೇ ಸುಲಭ.

ಒಂದು ದೊಡ್ಡ ಕೊರತೆ: ಹೆಣ್ಣುಮಕ್ಕಳು ಇದರಲ್ಲಿಲ್ಲ. ಅಕ್ಕತಂಗಿಯರಿಗಾಗಿ ಚರ್ಚಿನ ಪುಸ್ತಕಕ್ಕೇ ಹೋಗಬೇಕು. 1845ರಿಂದ ಜನಗಣತಿಯಲ್ಲಿ ಹುಟ್ಟಿದೂರನ್ನೂ ಬರೆದಿದ್ದಾರೆ, ಅದೂ ನೆರವಿಗೆ ಬರುತ್ತದೆ. ಅಣ್ಣನ ಮಕ್ಕಳ ದೀಕ್ಷಾಸ್ನಾನದ ದಾಖಲೆಯಲ್ಲಿ ಸಾಕ್ಷಿಗಳ ಹೆಸರನ್ನು ಮಾತ್ರ ಬಿಡದೆ ಓದಿ. ಮದುವೆಯಾಗಿ ಬೇರೆ ಊರು ಸೇರಿದ ತಂಗಿ ಎಷ್ಟೋ ಸಲ ಅಲ್ಲೇ ಸಿಗುತ್ತಾಳೆ, ಗಂಡನ ಹೆಸರು ಮತ್ತು ಊರಿನ ಸಮೇತ.