ಘಟಕಗಳ ಪಟ್ಟಿಯನ್ನು ಸಿಲಬಸ್ ಅನ್ನಬೇಡಿ

ಪ್ರಶ್ನೆ: ಈ ವರ್ಷ ಡಿಗ್ರಿ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಸೇರಿದ್ದೇನೆ. ನನಗೆ ಕೊಟ್ಟ ಪೇಪರಿಗೆ "ಪೂರ್ತಿ ಸಿಲಬಸ್" ತಯಾರಿಸಿ ಮೊದಲ ವಾರವೇ ವಿದ್ಯಾರ್ಥಿಗಳಿಗೆ ಕೊಡಿ ಎಂದು ವಿಭಾಗದ ಮುಖ್ಯಸ್ಥರು ಹೇಳಿದ್ದಾರೆ. ಸಿಲಬಸ್ ಧಾರವಾಡದ ಯೂನಿವರ್ಸಿಟಿಯಿಂದ ಬಂದೇ ಇದೆಯಲ್ಲ, ಇನ್ನು ತಯಾರಿಸುವುದು ಏನನ್ನು?

ಉತ್ತರ: ಕಾರವಾರದಿಂದ, ಕುಮಟೆಯಿಂದ, ಘಟ್ಟದ ಮೇಲೆ ಶಿರಸಿಯಿಂದ, ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಈ ಒಂದು ಪ್ರಶ್ನೆ ಬಂದೇ ಬರುತ್ತದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಕೂತು ಬರೆದಿದ್ದೇನೆ.

ಧಾರವಾಡದಿಂದ ಬಂದಿರುವುದು ಅಧ್ಯಯನ ಮಂಡಳಿ ಒಪ್ಪಿದ ಘಟಕಗಳ ಪಟ್ಟಿ. ಅದರಲ್ಲಿ ಒಂದಕ್ಷರ ಬದಲಿಸುವ ಅಧಿಕಾರ ನಮಗಿಲ್ಲ. ಪರೀಕ್ಷೆ ಅದರ ಮೇಲೆಯೇ ನಡೆಯುವುದರಿಂದ ಬದಲಿಸುವ ಯೋಚನೆಯೂ ಬೇಡ. ಸ್ವಾಯತ್ತ ಕಾಲೇಜಿನವರಿಗೆ ತಮ್ಮದೇ ಮಂಡಳಿ ಇರುತ್ತದೆ, ಪಟ್ಟಿ ಮಾಡುವ ಹೊಣೆಯೂ ಅವರದೇ. ಉಳಿದದ್ದೆಲ್ಲ ಇಬ್ಬರಿಗೂ ಒಂದೇ. ಕೋರ್ಸು ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗೆ ಏನೇನು ಮಾಡಲು ಬರಬೇಕು, ಬಂತೋ ಇಲ್ಲವೋ ಎಂದು ನಾವು ಹೇಗೆ ನೋಡುತ್ತೇವೆ, ಯಾವ ವಾರ ಏನು ನಡೆಯುತ್ತದೆ, ಯಾವ ಪುಸ್ತಕದ ಯಾವ ಪುಟ ಓದಬೇಕು, ಅಂಕ ಹೇಗೆ ಹಂಚಿದೆ, ಟೆಸ್ಟ್ ತಪ್ಪಿದರೆ ಏನು ಮಾಡಬೇಕು, ನೀವು ಎಷ್ಟು ಹೊತ್ತಿಗೆ ಎಲ್ಲಿ ಸಿಗುತ್ತೀರಿ: ನೀವು ತಯಾರಿಸಬೇಕಾದ್ದು ಇದನ್ನು. ಮೂರು ನಾಲ್ಕು ಪುಟ ಆಗುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಮಾತು ವಾಪಸ್ ಬರುತ್ತದೆ. "ಮೇಡಮ್, ನಮ್ಮ ಸೀನಿಯರುಗಳೆಲ್ಲ ಯೂನಿವರ್ಸಿಟಿ ಪಟ್ಟಿಯನ್ನೇ ಝೆರಾಕ್ಸ್ ಮಾಡಿ ಕೊಡ್ತಾರೆ, ಅದೇ ಸಿಲಬಸ್." ಇಪ್ಪತ್ತು ವರ್ಷದಿಂದ ಈ ಮಾತಿಗೆ ಉತ್ತರ ಕೊಡುತ್ತಲೇ ಬಂದಿದ್ದೇನೆ, ಇದು ಮಾತ್ರ ಜಗ್ಗುವುದಿಲ್ಲ. ಒಂದು ಲೆಕ್ಕದಲ್ಲಿ ಆ ಪದದ ಹುಟ್ಟೇ ಹಾಗಿದೆ. ಗ್ರೀಕಿನಲ್ಲಿ ಸುರುಳಿ ಗ್ರಂಥಗಳಿಗೆ ಅಂಟಿಸುತ್ತಿದ್ದ ಹೆಸರಿನ ಚೀಟಿಗೆ ಒಂದು ಪದವಿತ್ತು. ಪ್ರಾಚೀನ ರೋಮಿನ ವಾಗ್ಮಿ ಸಿಸೆರೋನ ಪತ್ರಗಳನ್ನು 15ನೇ ಶತಮಾನದಲ್ಲಿ ಅಚ್ಚು ಹಾಕುವಾಗ ಅದು ತಪ್ಪಾಗಿ ಅಚ್ಚಾಯಿತು, ಆ ತಪ್ಪು ರೂಪವೇ ಸಿಲಬಸ್ ಆಗಿ ಉಳಿಯಿತು. ಪಟ್ಟಿ ಹಂಚುವವರು ಆ ಚೀಟಿಯ ಹತ್ತಿರವೇ ನಿಂತಿದ್ದಾರೆ. ಚೀಟಿ ನೋಡಿದರೆ ಒಳಗೆ ಯಾವ ಗ್ರಂಥ ಇದೆ ಎಂದು ಗೊತ್ತಾಗುತ್ತದೆ. ಗ್ರಂಥವನ್ನು ಓದುವ ದಾರಿ ಅದರಲ್ಲಿ ಇರುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಪಟ್ಟಿಯನ್ನೇ ಹಂಚಿದ್ದೆ. ಮೂರನೇ ವಾರ ಅಂಕೋಲೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಕ್ಲಾಸ್ ಮುಗಿದ ಮೇಲೆ ನಿಂತಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನೋಟ್‌ಬುಕ್ಕಿನ ರಟ್ಟಿನೊಳಗೆ ಜೋಪಾನವಾಗಿ ಇಟ್ಟುಕೊಂಡಿದ್ದಳು. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು ಕೇಳಿದಳು: "ಮೇಡಮ್, ಟೆಸ್ಟ್ ಯಾವತ್ತು ಅಂತ ಇದ್ರಲ್ಲಿ ಎಲ್ಲಿದೆ? ಬೆಳಿಗ್ಗೆ ಅಮ್ಮನ ಜೊತೆ ಮೀನು ಪೇಟೆಗೆ ಹೋಗೋದಿರ್ತದೆ. ಮೊದಲೇ ಗೊತ್ತಾದ್ರೆ ಆವತ್ತು ಅಕ್ಕನ್ನ ಕಳಿಸಬಹುದಿತ್ತು." ನಾನು ಕೊಟ್ಟ ಹಾಳೆಯಲ್ಲಿ ನಾಲ್ಕು ಘಟಕದ ಹೆಸರು, ಪಕ್ಕದಲ್ಲಿ ಗಂಟೆ, ಕೆಳಗೆ ಏಳೆಂಟು ಪುಸ್ತಕ. ದಿನಾಂಕ ಒಂದೂ ಇರಲಿಲ್ಲ. ಅವಳು ಅದನ್ನು ಮತ್ತೆ ಅದೇ ಮಡಿಕೆಗೆ ಮಡಚಿ ಇಟ್ಟುಕೊಂಡಳು. ಮುಂದಿನ ಸೆಮಿಸ್ಟರಿನಿಂದ ಪಟ್ಟಿ ಹಂಚುವುದನ್ನು ಬಿಟ್ಟೆ.

ದಿನಾಂಕದ ಕೊರತೆ ಸಣ್ಣದು. ಪಟ್ಟಿಯಲ್ಲಿ ಎಲ್ಲ ಹೆಸರಿಗೂ ಒಂದೇ ತೂಕ, ದೊಡ್ಡ ತೊಂದರೆ ಅದು. ನಾನು ಮಾಡುವ ಕರಾವಳಿ ಪರಿಸರದ ಪೇಪರನ್ನೇ ತೆಗೆದುಕೊಳ್ಳಿ. ಅಳಿವೆ ಎಂದರೆ ನದಿ ಸಮುದ್ರ ಸೇರುವ ಜಾಗ, ಕಾಂಡ್ಲಾ ಎಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರ, ಗಜನಿ ಎಂದರೆ ಉಪ್ಪುನೀರು ನುಗ್ಗುವ ಅಳಿವೆಯಂಚಿನ ತಗ್ಗು ಗದ್ದೆ. "ಅಳಿವೆ, ಕಾಂಡ್ಲಾ ಕಾಡು, ಗಜನಿ" ಎಂದು ಒಂದೇ ಸಾಲಿನಲ್ಲಿದ್ದರೆ ಯಾವುದಕ್ಕೆ ಒಂದು ಗಂಟೆ, ಯಾವುದಕ್ಕೆ ಒಂದು ವಾರ? "ಗಜನಿ ಕೃಷಿಯ ಬಗ್ಗೆ ತಿಳಿದುಕೊಳ್ಳುತ್ತಾರೆ" ಎಂದು ಮುಂದೆ ಒಂದು ವಾಕ್ಯ ಸೇರಿಸಿದರೂ ಏನೂ ಹೇಳಿದಂತಾಗಲಿಲ್ಲ. ತಿಳಿದುಕೊಂಡರು ಎಂದು ನಿಮಗೆ ಗೊತ್ತಾಗುವುದು ಹೇಗೆ? ಅಮೆರಿಕದ ಶಿಕ್ಷಣತಜ್ಞ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಕಲಿಕೆಯ ಗುರಿಗಳನ್ನು ಆರು ಮೆಟ್ಟಿಲಾಗಿ ವಿಂಗಡಿಸಿದರು, 2001ರಲ್ಲಿ ಆಂಡರ್ಸನ್ ಮತ್ತಿತರರು ಅದನ್ನು ಪರಿಷ್ಕರಿಸಿ ನೆನಪಿಡುವುದರಿಂದ ಹೊಸದನ್ನು ಕಟ್ಟುವವರೆಗೆ ಎಲ್ಲವನ್ನೂ ಕ್ರಿಯಾಪದದಲ್ಲೇ ಹೇಳಿದರು. ಆ ಮೆಟ್ಟಿಲುಗಳ ಚಿತ್ರ ಸ್ಟಾಫ್ ರೂಮಿನ ಗೋಡೆ ಮೇಲೆ ಇರುತ್ತದೆ. ಅದರ ಕ್ರಿಯಾಪದಗಳು ನಮ್ಮ ಹಾಳೆಗೆ ಇಳಿಯಬೇಕು.

ನನ್ನ ಹಾಳೆಯಲ್ಲಿ ಈಗ ಇರುವ ವಾಕ್ಯ ಇದು: "ಒಂದು ಗಜನಿ ಬಯಲಿನ ನಕ್ಷೆ ಬರೆದು, ಉಪ್ಪುನೀರು ಎಲ್ಲಿಂದ ಒಳಗೆ ಬರುತ್ತದೆ, ಒಡ್ಡು ಅದನ್ನು ಎಲ್ಲಿ ತಡೆಯುತ್ತದೆ ಎಂದು ಗುರುತಿಸುತ್ತಾರೆ, ಆ ಗದ್ದೆಯಲ್ಲಿ ಕಗ್ಗ ಭತ್ತವೇ ಏಕೆ ನಿಲ್ಲುತ್ತದೆ ಎಂದು ವಿವರಿಸುತ್ತಾರೆ." (ಕಗ್ಗ ಎಂದರೆ ಉಪ್ಪುನೀರು ತಡೆದುಕೊಳ್ಳುವ ನಮ್ಮ ಕಡೆಯ ಭತ್ತದ ತಳಿ.) ಇದೊಂದು ವಾಕ್ಯ ಸರಿಯಾಗಿ ಬಂದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ. ಆಂತರಿಕ ಅಂಕದಲ್ಲಿ ಅರ್ಧ ಆ ನಕ್ಷೆಗೆ. ನಕ್ಷೆ ಬರೆಯಬೇಕಾದರೆ ಬಯಲಿಗೆ ಹೋಗಬೇಕು. ಹೋಗುವ ಮೊದಲು ಉಬ್ಬರ ಇಳಿತದ ಪಾಠ ಆಗಿರಬೇಕು. ಗುರಿ ಮೊದಲು, ಅದನ್ನು ಅಳೆಯುವ ಬಗೆ ಆಮೇಲೆ, ಪಾಠದ ಕ್ರಮ ಕೊನೆಗೆ. ಪಟ್ಟಿ ಹಿಡಿದು ಹೊರಟವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಘಟಕ ಒಂದರಿಂದ ಪಾಠ ಶುರು, ಕೊನೆಗೆ ಸಮಯ ಸಾಲದೆ "ನಾಲ್ಕನೆಯದನ್ನು ನೀವೇ ಓದಿಕೊಳ್ಳಿ".

ದಿನ ಹಾಕುವಾಗಲೂ ಪಟ್ಟಿ ಕೈಹಿಡಿಯುವುದಿಲ್ಲ. ಕಗ್ಗವನ್ನು ಮಳೆ ಹಿಡಿದು ಗದ್ದೆಯ ಉಪ್ಪು ತೊಳೆದ ಮೇಲೆ ಬಿತ್ತುತ್ತಾರೆ, ಕೊಯ್ಲು ಅಕ್ಟೋಬರ್ ಸುಮಾರಿಗೆ. ಪೇಪರ್ ಬೆಸ ಸೆಮಿಸ್ಟರಿನಲ್ಲಿ ಬಿದ್ದರೆ ಹುಡುಗರು ಪೈರು ನೋಡುತ್ತಾರೆ. ಸಮ ಸೆಮಿಸ್ಟರಿನಲ್ಲಿ ಬಿದ್ದರೆ ಅದೇ ಬಯಲಿನಲ್ಲಿ ನೀರು, ಮೀನು, ಸಿಗಡಿ. ಅಘನಾಶಿನಿ ಅಳಿವೆಗೆ ಕರೆದೊಯ್ಯುವ ದಿನವನ್ನಂತೂ ಪಂಚಾಂಗ ನೋಡಿಯೇ ಹಾಕಬೇಕು. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಚೆನ್ನಾಗಿ ಇಳಿಯುತ್ತದೆ, ಕೆಸರು ಬಯಲು ತೆರೆದುಕೊಳ್ಳುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಹತ್ತು ಗಂಟೆಗೆ ಇಳಿತವಿದ್ದ ಜಾಗದಲ್ಲಿ ಮುಂದಿನ ವಾರ ಅದೇ ಹತ್ತು ಗಂಟೆಗೆ ನೀರು ತುಂಬಿರುತ್ತದೆ.

ಗಂಟೆಯ ಲೆಕ್ಕ ಸುಲಭ, ಆದರೂ ಎಡವುತ್ತಾರೆ. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ಪಾಠ, ಇಲ್ಲವೇ ಎರಡು ಗಂಟೆ ಪ್ರಾಯೋಗಿಕ. ಮೂರು ಕ್ರೆಡಿಟ್ಟಿಗೆ 15 ವಾರ ಹಿಡಿದರೆ ಕಾಗದದ ಮೇಲೆ 45 ಗಂಟೆ. ಚೌತಿ, ದಸರಾ, ದೀಪಾವಳಿ, ಎರಡು ಟೆಸ್ಟು, ಮಳೆ ರಜೆ ಕಳೆದು ನಾನು 36ಕ್ಕೆ ಯೋಜನೆ ಹಾಕುತ್ತೇನೆ. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ನಿಂತಿತು, ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ನಮ್ಮ ಕರಾವಳಿಯಲ್ಲಿ ಪಾಠ ಮಾಡುವವರು ಒಂದೆರಡು ವಾರವನ್ನು ಖಾಲಿ ಬಿಟ್ಟುಕೊಳ್ಳಲೇಬೇಕು.

ಇನ್ನೂ ಪಟ್ಟಿಯೇ ಸಾಕು ಎನ್ನುವವರಿಗೆ ಕೊನೆಯದಾಗಿ ಒಂದು ಮಾತು. 2021-22ರಲ್ಲಿ ಹೊಸ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷ ಆಯಿತು. ಎರಡು ಸಲವೂ ಪಟ್ಟಿ ಬದಲಾಯಿತು. ಪಟ್ಟಿಯನ್ನೇ ನಂಬಿದವರು ಎರಡು ಸಲ ಬರಿಗೈಯಲ್ಲಿ ನಿಂತರು. ತನ್ನ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಎಂದು ಬರೆದಿಟ್ಟುಕೊಂಡವರು ಘಟಕಗಳನ್ನು ಹಿಂದೆ ಮುಂದೆ ಮಾಡಿ ಪಾಠಕ್ಕೆ ಹೋದರು. ನನ್ನ ಗಜನಿಯ ವಾಕ್ಯ ಎರಡೂ ಬದಲಾವಣೆ ದಾಟಿ ಹಾಗೇ ಇದೆ, ಅದಕ್ಕೆ ನನಗೆ ಹೆಮ್ಮೆಯಿದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಶೇಕಡಾ 75ರ ಹಾಜರಾತಿ ನಿಯಮವನ್ನು ಬರೆಯಿರಿ. ತಡವಾಗಿ ಕೊಟ್ಟ ಅಸೈನ್‌ಮೆಂಟಿಗೆ ದಿನಕ್ಕೆ ಎಷ್ಟು ಅಂಕ ಕಡಿತ ಎಂದು ಬರೆಯಿರಿ, ಬರೆದ ಮೇಲೆ ಯಾರ ಮುಖ ನೋಡಿಯೂ ಬದಲಿಸಬೇಡಿ. ಎಂಟು ಪುಸ್ತಕದ ಹೆಸರು ಬೇಡ. ಲೈಬ್ರರಿಯಲ್ಲಿ ನಿಜವಾಗಿ ಇರುವ ಎರಡು ಸಾಕು, ಪುಟ ಸಮೇತ.

ಯಾರೂ ಕೇಳದ ಒಂದು ಪ್ರಶ್ನೆಯಿದೆ, ಕೇಳಬೇಕಾದ್ದು ಅದು: ಈ ಹಾಳೆಯನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಪಟ್ಟಿ ಇಂಗ್ಲಿಷಿನಲ್ಲಿ ಬಂದಿತೆಂದು ಎಲ್ಲರೂ ಇಂಗ್ಲಿಷಿನಲ್ಲೇ ಮುಂದುವರಿಸುತ್ತಾರೆ. ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ಕೊಂಕಣಿ ಆಡುವವರಿದ್ದಾರೆ, ಹಾಲಕ್ಕಿ ಕನ್ನಡದವರಿದ್ದಾರೆ, ಹವ್ಯಕ ಕನ್ನಡದವರಿದ್ದಾರೆ. ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಬಹಳ. ಟೆಸ್ಟ್, ಅಂಕ, ರಜೆ, ನಿಯಮದ ಭಾಗವನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ, ಏಕೆಂದರೆ ಅಲ್ಲಿ ತಪ್ಪು ತಿಳಿದುಕೊಂಡರೆ ಹುಡುಗರ ವರ್ಷ ಹೋಗುತ್ತದೆ. ಪಾರಿಭಾಷಿಕ ಪದಗಳಿಗೆ ಕೊನೆಯಲ್ಲಿ ಒಂದು ಪುಟ ಇಟ್ಟಿದ್ದೇನೆ, ಮೂರು ಕಾಲಮ್ಮಿನದು. ಪುಸ್ತಕ ಬೈವಾಲ್ವ್ ಎನ್ನುವ ಎರಡು ಚಿಪ್ಪಿನ ಜೀವಿಗೆ ಕುಮಟೆಯ ಹುಡುಗ ಬಳಚು ಎಂದ, ಕಾರವಾರದವಳು ತಿಸ್ರಿ ಎಂದಳು, ಎರಡನ್ನೂ ಬರೆದುಕೊಂಡೆವು. ಇಂಥ ಮನೆಮಾತಿನ ಹೆಸರುಗಳಿಗೆಂದು ಆ ಪುಟದ ಮೂರನೆಯ ಕಾಲಮ್ಮನ್ನು ಖಾಲಿ ಬಿಟ್ಟೇ ಕೊಡುತ್ತೇನೆ, ಸೆಮಿಸ್ಟರ್ ಮುಗಿಯುವುದರೊಳಗೆ ಅವರೇ ತುಂಬಿ ತರುತ್ತಾರೆ.