ಸೌಂಡ್ ಬರ್ತಿಲ್ವಾ? ಡ್ರೈವರ್ ಕಿತ್ತುಹಾಕುವ ಮುಂಚೆ ಇದನ್ನು ನೋಡಿ

ಡೆಸ್ಕ್‌ಟಾಪ್‌ನಲ್ಲಿ ಸೌಂಡ್ ನಿಂತರೆ ಎಲ್ಲರೂ ಮೊದಲು ಬೈಯುವುದು ಡ್ರೈವರನ್ನೇ, ಅಂದರೆ ಸೌಂಡ್ ಡಿವೈಸನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರನ್ನು. ಎಷ್ಟೋ ಸಲ ಅದರ ತಪ್ಪೇ ಇರುವುದಿಲ್ಲ. ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್ ತೆರೆದು ಪ್ಲೇಬ್ಯಾಕ್ ಟ್ಯಾಬ್‌ಗೆ ಹೋಗಿ, ಜೊತೆಗೆ ಯಾವುದಾದರೂ ಹಾಡು ಹಾಕಿ. ಹಸಿರು ಟಿಕ್ ಇರುವ ಡಿವೈಸ್‌ನ ಪಕ್ಕದ ಪಟ್ಟಿ ಏರಿಳಿಯುತ್ತಿದೆಯಾ? ಹಾಗಿದ್ದರೆ ವಿಂಡೋಸ್ ಅದಕ್ಕೆ ಸೌಂಡ್ ಕಳಿಸುತ್ತಿದೆ. ಆಗ ಡ್ರೈವರ್ ಮೇಲೆ ಅನುಮಾನ ಕಮ್ಮಿ, ವೈರು, ಸ್ಪೀಕರ್, ಜಾಕ್ ಮೇಲೆ ಜಾಸ್ತಿ. ಸ್ಪೀಕರ್ ಪಿನ್ ಹಿಂದುಗಡೆಯ ಹಸಿರು ಜಾಕ್‌ನಲ್ಲಿರಬೇಕು. ಗುಲಾಬಿ ಇರುವುದು ಮೈಕ್‌ಗೆ. ಮುಂದಿನ ಜಾಕ್ ಮಾತ್ರ ಸತ್ತಿದ್ದರೆ, ಕ್ಯಾಬಿನೆಟ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ಸಣ್ಣ ಕೇಬಲ್ ಕಳಚಿರಬಹುದು. ಇನ್ನೊಂದು, ಎಚ್‌ಡಿಎಂಐನಲ್ಲಿ ಮಾನಿಟರ್ ಹಾಕಿದ ಮೇಲೆ ಟಿಕ್ ಸುಮ್ನೆ ಮಾನಿಟರ್ ಹೆಸರಿಗೆ ಹೋಗಿ ಕೂತಿರುತ್ತದೆ. ಆ ಮಾನಿಟರ್‌ಗೆ ಸ್ಪೀಕರೇ ಇಲ್ಲದಿದ್ದರೆ ಸೌಂಡ್ ಎಲ್ಲಿಂದ ಬರಬೇಕು? ನಿಮ್ಮ ಸ್ಪೀಕರ್ ಆರಿಸಿ ಸೆಟ್ ಡಿಫಾಲ್ಟ್ ಕೊಟ್ಟರೆ ಮುಗಿಯಿತು.

ಪಟ್ಟಿ ಅಲ್ಲಾಡದಿದ್ದರೆ ವಾಲ್ಯೂಮ್ ಮಿಕ್ಸರ್‌ನಲ್ಲಿ ಆ ಆ್ಯಪ್ ಮ್ಯೂಟ್ ಆಗಿದೆಯಾ ನೋಡಿ, ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು ತೋರಿಸುವ ಸರ್ವೀಸಸ್‌ನಲ್ಲಿ ವಿಂಡೋಸ್ ಆಡಿಯೋ ರೀಸ್ಟಾರ್ಟ್ ಮಾಡಿ. ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್‌ಗೆ ಬನ್ನಿ. ಅಲ್ಲಿ ಸೌಂಡ್ ಡಿವೈಸ್ ಮೇಲೆ ಕೆಳಮುಖ ಬಾಣ ಇದ್ದರೆ ಡಿವೈಸನ್ನು ಯಾರೋ ಆಫ್ ಮಾಡಿದ್ದಾರೆ, ಎನೇಬಲ್ ಮಾಡಿದರೆ ಸಾಕು. ಹಳದಿ ತ್ರಿಕೋನ ಇದ್ದರೆ ಪ್ರಾಪರ್ಟೀಸ್‌ನಲ್ಲಿ ಕೋಡ್ ಓದಿ. 28 ಅಂದರೆ ಡ್ರೈವರೇ ಇಲ್ಲ. 10 ಅಂದರೆ ಡಿವೈಸ್ ಸ್ಟಾರ್ಟ್ ಆಗಲಿಲ್ಲ. ಸೌಂಡ್ ಡಿವೈಸ್ ಪಟ್ಟಿಯಲ್ಲೇ ಕಾಣದಿದ್ದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ಆನ್‌ಬೋರ್ಡ್ ಆಡಿಯೋ ಆಫ್ ಆಗಿರಬಹುದು. ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಮೊದಲು ಪ್ರಾಪರ್ಟೀಸ್‌ನ ಡ್ರೈವರ್ ಟ್ಯಾಬ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ (ಹಿಂದಿನ ಡ್ರೈವರ್‌ಗೆ ಮರಳುವ ಬಟನ್) ಒತ್ತಿ ನೋಡಿ.

ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ರೀಇನ್‌ಸ್ಟಾಲ್. ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನಲ್ಲಿ ಮದರ್‌ಬೋರ್ಡ್ ಮಾಡೆಲ್ ಸಿಗುತ್ತದೆ, ಆ ಕಂಪನಿಯ ಸೈಟ್‌ನಿಂದಲೇ ತಗೊಳ್ಳಿ. ಬ್ರ್ಯಾಂಡೆಡ್ ಪಿಸಿ ಆದರೆ ಪಿಸಿ ಕಂಪನಿಯ ಸೈಟ್. ಡ್ರೈವರ್ ಹುಡುಕಿಕೊಡ್ತೀವಿ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹತ್ತಿರ ಹೋಗಲೇಬೇಡಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಡಿವೈಸ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಒತ್ತಿದಾಗ ಒಂದು ಚೆಕ್‌ಬಾಕ್ಸ್ ಬರುತ್ತದೆ, ಡ್ರೈವರ್ ಫೈಲನ್ನೂ ಅಳಿಸಲಾ ಅಂತ. ತುಂಬ ಜನ ಅದನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ಆ ಫೈಲ್ ವಿಂಡೋಸ್‌ನ ಡ್ರೈವರ್ ಸ್ಟೋರ್‌ನಲ್ಲೇ ಉಳಿಯುತ್ತದೆ, ರೀಸ್ಟಾರ್ಟ್ ಆದಾಗ ವಿಂಡೋಸ್ ಅದನ್ನೇ ಎತ್ತಿಕೊಂಡು ಮತ್ತೆ ಹಾಕುತ್ತದೆ, ಕೆಟ್ಟಿದ್ದೇ ವಾಪಸ್ ಬಂದಂತಾಯಿತು ಅಲ್ವಾ. ಟಿಕ್ ಹಾಕಿ ತೆಗೆದು ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಮೈಕ್ರೋಸಾಫ್ಟ್‌ನ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂಬ ಮೂಲ ಡ್ರೈವರ್ ಕೂರುತ್ತದೆ. ನೆಟ್ ಆನ್ ಇದ್ದರೆ ವಿಂಡೋಸ್ ಅಪ್‌ಡೇಟ್ ಮಧ್ಯೆ ಬಂದು ಬೇರೇನೋ ಹಾಕಬಹುದು, ಅದಕ್ಕೇ ಸ್ವಲ್ಪ ಹೊತ್ತು ನೆಟ್ ಕೇಬಲ್ ತೆಗೆದಿಡಿ.

ಈಗ ಮತ್ತೆ ಹಾಡು ಹಾಕಿ. ಸೌಂಡ್ ಬಂದರೆ ತಪ್ಪು ಹಳೆಯ ಡ್ರೈವರ್‌ನದ್ದೇ. ಇಳಿಸಿಟ್ಟದ್ದನ್ನು ಆಮೇಲೆ ಹಾಕಬಹುದು, ಆದರೆ ಬರೀ ಎರಡು ಸ್ಪೀಕರ್ ಇಟ್ಟುಕೊಂಡು ಹಾಡು, ವಿಡಿಯೋ ನೋಡುವವರಿಗೆ ಮೂಲ ಡ್ರೈವರೇ ಸಾಕು ಅನ್ನುವುದು ನನ್ನ ಅಭಿಪ್ರಾಯ.