ಮುಂದೋಳು ಸೋಲುವುದೇಕೆ, ಬಂಡೆ ಹತ್ತುವವರು ಅದನ್ನು ತಡೆಯುವುದು ಹೇಗೆ

ಬಂಡೆ ಹತ್ತಲು ಹೊಸದಾಗಿ ಕಲಿಯುವವರಲ್ಲಿ ಮೊದಲು ಸೋಲುವುದು ಕಾಲಲ್ಲ, ಉಸಿರೂ ಅಲ್ಲ; ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂದೋಳು. ಹತ್ತತೊಡಗಿದ ಕೆಲವೇ ನಿಮಿಷಗಳಲ್ಲಿ ಅದು ಬಿಗಿದು ಗಟ್ಟಿಯಾಗುತ್ತದೆ, ಚರ್ಮದಡಿಯ ರಕ್ತನಾಳಗಳು ಉಬ್ಬಿ ಕಾಣುತ್ತವೆ, ಮನಸ್ಸು ಎಷ್ಟು ಹಟ ಹಿಡಿದರೂ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಕಾಸರಗೋಡಿನ ನಮ್ಮ ಮುರಕಲ್ಲು ಹಿಡಿದಲ್ಲೇ ಪುಡಿಯಾಗುವಂಥದ್ದಾದ್ದರಿಂದ ಈ ಸಾಹಸಕ್ಕೆ ತಕ್ಕುದಲ್ಲ. ಆಸಕ್ತರು ಬಾದಾಮಿಯ ಮರಳುಗಲ್ಲನ್ನೋ ರಾಮನಗರದ ಬಂಡೆಗಳನ್ನೋ ಹುಡುಕಿಕೊಂಡು ಹೋಗಬೇಕು. ಅಷ್ಟು ದೂರ ಹೋಗಿ ಅರ್ಧದಲ್ಲೇ ಕೈಸೋತವರು ತಮ್ಮ ತೋಳಿನಲ್ಲಿ ಬಲವಿಲ್ಲವೆಂದುಕೊಂಡು, ಊರಿಗೆ ಬಂದು ಡಂಬೆಲ್ ಎತ್ತಲಾರಂಭಿಸುತ್ತಾರೆ. ಆದರೆ ಇದು ಬಲದ ಪ್ರಶ್ನೆ ಎನ್ನುವುದಕ್ಕಿಂತ ಮುಖ್ಯವಾಗಿ ರಕ್ತಸಂಚಾರದ ಪ್ರಶ್ನೆ.

ಬೆರಳನ್ನು ಮಡಚುವ ಪ್ರಮುಖ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂದೋಳಿನ ಒಳಭಾಗದಲ್ಲಿವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿನ ಎಲುಬುಗಳಿಗೆ ಅಂಟಿಕೊಳ್ಳುತ್ತವೆ. ಕಲ್ಲಿನ ಅಂಚನ್ನು ಹಿಡಿದಾಗ ಈ ಸ್ನಾಯುಗಳು ಉದ್ದ ಬದಲಿಸದೆ ಒಂದೇ ಸಮನೆ ಬಿಗಿದುಕೊಂಡಿರುತ್ತವೆ. ನಡೆಯುವಾಗ ಕಾಲಿನ ಸ್ನಾಯುಗಳು ಬಿಗಿದು ಸಡಿಲವಾಗುತ್ತ ರಕ್ತವನ್ನು ಮುಂದಕ್ಕೆ ದೂಡುತ್ತಿರುತ್ತವೆ, ಇಲ್ಲಿ ಆ ಸಡಿಲಿಕೆಯೇ ಇಲ್ಲ. ಬಿಗಿದ ಸ್ನಾಯುವಿನೊಳಗಿನ ಒತ್ತಡ ತನ್ನ ನಡುವೆ ಹಾಯುವ ರಕ್ತನಾಳಗಳನ್ನೇ ಅದುಮುತ್ತದೆ. ಬಲವಾಗಿ ಹಿಡಿದಷ್ಟೂ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ, ಪೂರೈಕೆ ಇಳಿಯುತ್ತದೆ. ಬಲವಾದ ಬಿಗಿತ ರಕ್ತದ ಹರಿವನ್ನು ತಡೆಯಬಲ್ಲದೆಂಬುದನ್ನು ಬಾರ್‌ಕ್ರಾಫ್ಟ್ ಮತ್ತು ಮಿಲೆನ್ ಎಂಬ ಶರೀರಕ್ರಿಯಾ ವಿಜ್ಞಾನಿಗಳು 1939ರಲ್ಲೇ ಕಾಲಿನ ಮೀನಖಂಡದಲ್ಲಿ ಅಳೆದು ತೋರಿಸಿದ್ದರು. ಸ್ನಾಯುವಿನ ಗರಿಷ್ಠ ಬಲದ ಅರ್ಧದಷ್ಟನ್ನು ಬಳಸಿ ಹಿಡಿದರೆ ಸುಮಾರು ಒಂದು ನಿಮಿಷ ತಡೆದುಕೊಳ್ಳಬಹುದು. ಶೇಕಡ 15ರ ಆಸುಪಾಸಿಗೆ ಇಳಿಸಿದರೆ ಎಷ್ಟೋ ನಿಮಿಷಗಳು ಸಾಗುತ್ತದೆ. ಬಲ ಸ್ವಲ್ಪ ಇಳಿದರೂ ಹಿಡಿದಿರಬಲ್ಲ ಹೊತ್ತು ಬಹಳ ಹೆಚ್ಚುತ್ತದೆ ಎಂಬುದನ್ನು ಹತ್ತುವವರು ಗಟ್ಟಿಯಾಗಿ ನೆನಪಿಡಬೇಕು.

ಈ ದಣಿವಿಗೆಲ್ಲ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಶಾಲೆಯಲ್ಲಿ ಕಲಿತವರು ಅನೇಕರು. ಈಗಿನ ತಿಳಿವಳಿಕೆ ಬೇರೆ. ಶಕ್ತಿ ಒದಗಿಸುವ ಕ್ರಿಯೆಟಿನ್ ಫಾಸ್ಫೇಟ್ ಒಡೆದಾಗ ಉಳಿಯುವ ಫಾಸ್ಫೇಟ್, ಹೈಡ್ರೋಜನ್ ಅಯಾನುಗಳು, ಜೀವಕೋಶದಿಂದ ಹೊರಬಿದ್ದ ಪೊಟ್ಯಾಸಿಯಂ ಎಲ್ಲವೂ ಸೇರಿ ಸಂಕೋಚನವನ್ನು ಕುಂದಿಸುತ್ತವೆ. ಲ್ಯಾಕ್ಟೇಟ್ ಅನ್ನು ಹೃದಯವೂ ಇತರ ಸ್ನಾಯುಗಳೂ ಇಂಧನವಾಗಿ ಬಳಸಿಕೊಳ್ಳುತ್ತವೆ. ಮರುದಿನದ ಮೈಕೈ ನೋವಿಗೂ ಅದು ಕಾರಣವಲ್ಲ.

ಕೈಯನ್ನು ಉಳಿಸಿ ಹತ್ತುವ ಕಲೆಯನ್ನು ನೋಡಬೇಕಿದ್ದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಯಾವುದಾದರೂ ಅಡಿಕೆ ತೋಟಕ್ಕೆ ಹೋಗಬೇಕು. ಹಗುರ ದೋಟಿಗಳು ಬಂದಮೇಲೆ ಮರ ಹತ್ತುವವರು ಕಡಿಮೆಯಾಗಿದ್ದಾರೆ. ಆದರೂ ಕೊಯ್ಲಿಗೆ, ಕೊಳೆರೋಗದ ಮದ್ದು ಬಿಡುವುದಕ್ಕೆ ಇನ್ನೂ ಹತ್ತುವವರಿದ್ದಾರೆ. ಪಾದಗಳಿಗೆ ತಳೆ ಎಂಬ ಹಗ್ಗದ ಬಳೆ ಹಾಕಿ, ಎರಡು ಅಂಗಾಲುಗಳ ನಡುವೆ ಮರವನ್ನು ಅದುಮಿ ಅವರು ಮೇಲೇರುವುದನ್ನು ಗಮನಿಸಿ: ಕೈ ಮರವನ್ನು ಬಳಸಿ ಹಿಡಿಯುತ್ತದೆ, ಕಾಲು ಮೇಲಕ್ಕೆ ಬರುತ್ತದೆ, ಮತ್ತೆ ಕಾಲು ಒತ್ತಿ ದೇಹವನ್ನು ಎತ್ತುವಾಗ ಕೈ ಸಡಿಲವಾಗಿ ಮೇಲೆ ಸರಿಯುತ್ತದೆ. ಪ್ರತಿ ಹೆಜ್ಜೆಗೂ ಕೈಗೆ ಒಂದು ಬಿಡುವು, ಆ ಬಿಡುವಿನಲ್ಲಿ ರಕ್ತ ನುಗ್ಗುವುದಕ್ಕೊಂದು ಅವಕಾಶ. ಬಂಡೆಯನ್ನು ಹೀಗೆ ಬಳಸಿ ಹಿಡಿಯಲಾಗದು, ಅಲ್ಲಿ ಬೆರಳ ತುದಿಯೇ ಆಧಾರ ಎಂಬ ವ್ಯತ್ಯಾಸ ಸಣ್ಣದಲ್ಲ. ಆದರೆ ಎತ್ತುವುದು ಕಾಲಿನ ಕೆಲಸ, ದೇಹವನ್ನು ಹತ್ತಿರ ಇಟ್ಟುಕೊಳ್ಳುವುದಷ್ಟೇ ಕೈಯ ಕೆಲಸ ಎಂಬ ಹಂಚಿಕೆ ಎರಡೂ ಕಡೆ ಒಂದೇ.

ಬಂಡೆಯ ಮೇಲೆ ಈ ಹಂಚಿಕೆ ಸಾಧ್ಯವಾಗುವುದು ಸೊಂಟ ಕಲ್ಲಿಗೆ ಹತ್ತಿರವಿದ್ದಾಗ. ಸೊಂಟ ಹೊರಚಾಚಿದಷ್ಟೂ ಭಾರ ಬೆರಳಿಗೆ ಬೀಳುತ್ತದೆ. ನಿಂತಲ್ಲಿ ಮೊಣಕೈಯನ್ನು ಮಡಚಿಕೊಂಡಿರದೆ ನೇರ ಬಿಟ್ಟರೆ ತೋಳಿನ ಸ್ನಾಯುಗಳಿಗೂ ವಿಶ್ರಾಂತಿ ಸಿಗುತ್ತದೆ. ಮುಂದಿನ ಹಿಡಿತವನ್ನು ಹುಡುಕುವ ಮೊದಲು ಕಾಲಿಡುವ ಜಾಗವನ್ನು ಹುಡುಕಬೇಕು. ಮುಂದಕ್ಕೆ ಬಾಗಿದ ಕಡಿದಾದ ಬಂಡೆಯಲ್ಲಿ ಮಾತ್ರ ಕೈಗೆ ಭಾರ ತಪ್ಪದು. ಅಲ್ಲಿ ಯೋಚಿಸುತ್ತ ನೇತಾಡದೆ, ದಾರಿಯನ್ನು ಕೆಳಗಿನಿಂದಲೇ ನೋಡಿಕೊಂಡು ಬೇಗ ದಾಟಬೇಕು.

ಇದಕ್ಕಿಂತ ಕಷ್ಟದ್ದು ಭಯ. ಬೀಳುವ ಹೆದರಿಕೆಯಲ್ಲಿ ಉಸಿರು ಬಿಗಿಹಿಡಿದು, ಅಗತ್ಯಕ್ಕಿಂತ ಎರಡರಷ್ಟು ಬಲ ಹಾಕಿ ಕಲ್ಲನ್ನು ಹಿಂಡುವವರೇ ಹೆಚ್ಚು. ಹಗ್ಗದ ಭದ್ರತೆಯಿರುವ ಸುಲಭದ ದಾರಿಯಲ್ಲಿ, ಹಿಡಿತವನ್ನು ಜಾರುವುದಕ್ಕೆ ತುಸು ಮುಂಚಿನವರೆಗೆ ಸಡಿಲಿಸಿ ನೋಡುವ ಅಭ್ಯಾಸ ಇದಕ್ಕೆ ಒಳ್ಳೆಯ ಮದ್ದು. ಬೆವರಿದ ಅಂಗೈ ಜಾರುವುದರಿಂದಲೂ ಹಿಂಡುವುದು ಹೆಚ್ಚುತ್ತದೆ. ಅಮೆರಿಕದ ಜಾನ್ ಗಿಲ್ 1950ರ ದಶಕದಲ್ಲಿ ಜಿಮ್ನಾಸ್ಟಿಕ್ಸ್‌ನಿಂದ ಬಂಡೆಗೆ ತಂದ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಕರಾವಳಿಯ ಬೆವರಿಗೆ ಒಗ್ಗಿದ ನಮ್ಮಂಥವರಿಗೆ ಬಹಳ ಉಪಯುಕ್ತ.

ದಣಿವು ಆರಂಭವಾದಮೇಲೆ ಮಾಡಬಹುದಾದದ್ದೂ ಇದೆ. ಎರಡೂ ಕಾಲು ಭದ್ರವಾಗಿ ನಿಲ್ಲುವ ಜಾಗ ಸಿಕ್ಕಿದರೆ ಒಂದು ಕೈಯನ್ನು ಬಿಟ್ಟು, ಬೆರಳು ಬಿಡಿಸಿ ಮೆಲ್ಲನೆ ಕೊಡವಬೇಕು. ಕೈಯನ್ನು ಕೆಲವು ಸೆಕೆಂಡು ತಲೆಯ ಮೇಲಕ್ಕೆ, ಕೆಲವು ಸೆಕೆಂಡು ಕೆಳಕ್ಕೆ ಹಿಡಿಯುವ ಕ್ರಮವೂ ರೂಢಿಯಲ್ಲಿದೆ: ಮೇಲೆ ಹಿಡಿದಾಗ ಬಳಸಿದ ರಕ್ತ ಹೃದಯದತ್ತ ಇಳಿಯುವುದಕ್ಕೂ, ಕೆಳಗೆ ಬಿಟ್ಟಾಗ ಹೊಸ ರಕ್ತ ಬರುವುದಕ್ಕೂ ಗುರುತ್ವಾಕರ್ಷಣೆ ನೆರವಾಗುತ್ತದೆ. ಪೂರ್ತಿ ಸೋತಮೇಲೆ ಹೀಗೆ ಮಾಡಿದರೆ ಫಲ ಕಡಿಮೆ. ಬಿಗಿತದ ಸುಳಿವು ಸಿಕ್ಕಿದೊಡನೆ, ಒಂದು ಹಿಡಿತದಿಂದ ಇನ್ನೊಂದಕ್ಕೆ ಕೈ ಹೋಗುವ ನಡುವಿನಲ್ಲೂ ಒಮ್ಮೆ ಕೊಡವುವುದು ಲೇಸು. ದಿನದ ಮೊದಲ ಏರಿಕೆಯೇ ಕಠಿಣವಾಗಿದ್ದರೆ ರಕ್ತನಾಳಗಳು ಹಿಗ್ಗುವ ಮುನ್ನವೇ ಮುಂದೋಳು ಬಿಗಿದು, ಆಮೇಲೆ ಬಹಳ ಹೊತ್ತು ಸಡಿಲವಾಗುವುದಿಲ್ಲ. ಆದ್ದರಿಂದ ಮೊದಲ ಕಾಲು ಗಂಟೆ ತೀರ ಸುಲಭದ ದಾರಿಗೇ ಮೀಸಲಿರಲಿ.

ತಿಂಗಳುಗಳ ಅಭ್ಯಾಸ ಎರಡು ಬಗೆಯಲ್ಲಿ ಫಲಿಸುತ್ತದೆ. ವಾರಕ್ಕೆ ಎರಡು ಮೂರು ಬಾರಿ, 20–30 ನಿಮಿಷ ಕೆಳಗಿಳಿಯದೆ, ಮುಂದೋಳು ಬಿಗಿಯದಷ್ಟು ಸುಲಭವಾಗಿ ಹತ್ತುತ್ತಿದ್ದರೆ ಸ್ನಾಯುವಿನೊಳಗೆ ಲೋಮನಾಳಗಳು, ಅಂದರೆ ಅತಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಬೆರಳಿನ ಗರಿಷ್ಠ ಬಲ ಹೆಚ್ಚಿದರೂ ಲಾಭವಿದೆ: 40 ಕಿಲೋ ತಡೆಯುವ ಕೈಗೆ 20 ಕಿಲೋ ಭಾರ ಅರ್ಧಬಲವಾದರೆ, 50 ಕಿಲೋ ತಡೆಯುವ ಕೈಗೆ ಅದು ಶೇಕಡ 40 ಮಾತ್ರ. ಆದರೆ ಸ್ನಾಯುವಿನಷ್ಟು ಬೇಗ ಸ್ನಾಯುರಜ್ಜು ಬಲಗೊಳ್ಳುವುದಿಲ್ಲವಾದ್ದರಿಂದ ಹೊಸಬರು ಬೆರಳತುದಿಯಲ್ಲಿ ಹಿಡಿದು ನೇತಾಡಿ ಅಭ್ಯಾಸ ಮಾಡುವ ಹಲಗೆಗಳಿಂದ ದೂರವಿರುವುದೇ ಸರಿ. ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಹೊರಕ್ಕೆ ಬಿಡಿಸುವ ಸರಳ ವ್ಯಾಯಾಮವನ್ನು ಮಾತ್ರ ಯಾರೂ ಮಾಡಬಹುದು, ಮುಂದೋಳಿನ ಹೊರಬದಿಯ ಸ್ನಾಯುಗಳಿಗೆ ಅದು ಬೇಕು.

ವಿಶ್ರಾಂತಿಯಿಂದ ಬಿಗಿತ ಇಳಿಯಬೇಕು. ಇಳಿಯದೆ ನೋವು ಏರುತ್ತ ಹೋದರೆ, ಬೆರಳು ಮರಗಟ್ಟಿದರೆ, ಬೆರಳ ಬುಡದಲ್ಲಿ ಟಕ್ಕೆಂದು ಶಬ್ದವಾಗಿ ನೋವು ಬಂದರೆ ಹತ್ತುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಅತಿಶ್ರಮದ ಮರುದಿನ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಅಪಾಯ ಬಂದಿರಬಹುದು. ಆಗ ತಡಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.